ಪುಟದ ಅಗಲವನ್ನು ಓದುವವರ ಪರದೆಗೆ ಬಿಡಿ

ಇಂದು ಕಲಬುರಗಿಯ ನೆಹರು ಗಂಜ್‌ನಲ್ಲಿ ಹಿರಿಯ ರೈತರೊಬ್ಬರು ಮೊಬೈಲನ್ನು ನನ್ನ ಕೈಗಿತ್ತು, “ಇದು ತೊಗರಿ ರೇಟ್ ಏನ್ರಿ, ಕಡ್ಲಿ ರೇಟ್ ಏನ್ರಿ?” ಎಂದು ಕೇಳಿದರು. ಅವರು ತೆರೆದಿದ್ದ ಧಾರಣೆಯ ಪುಟದ ಅಗಲವನ್ನು ಪಿಕ್ಸೆಲ್ (ಪರದೆಯ ಅಳತೆಯ ಚುಕ್ಕಿ) ಲೆಕ್ಕದಲ್ಲಿ ಕಟ್ಟಿಹಾಕಲಾಗಿತ್ತು. ಬೆಲೆ ನೋಡಲು ಪುಟವನ್ನು ಸರಿಸಿದರೆ ಕಾಳಿನ ಹೆಸರು ಮರೆಯಾಗುತ್ತಿತ್ತು, ಹೆಸರಿಗೆ ಮರಳಿದರೆ ಬೆಲೆ ಮರೆಯಾಗುತ್ತಿತ್ತು. ವೆಬ್‌ಸೈಟ್ ಕಟ್ಟುವುದೇ ನನ್ನ ಹೊಟ್ಟೆಪಾಡೆಂದು ಬಲ್ಲ ಗೆಳೆಯರಿಗೆ ನನಗೆ ಬಂದ ಸಿಟ್ಟು ಅರ್ಥವಾದೀತು.

ಹೀಗೆ ಕಟ್ಟಿಹಾಕುವ ಅಗಲಗಳಲ್ಲಿ 960 ಪಿಕ್ಸೆಲ್ ಎಂಬುದು 1024 ಪಿಕ್ಸೆಲ್ ಅಗಲದ ಮಾನಿಟರುಗಳ ಕಾಲದಲ್ಲಿ ರೂಢಿಗೆ ಬಂದ ಅಳತೆ; 12 ಅಥವಾ 16 ಕಾಲಂಗಳಾಗಿ ಸಲೀಸಾಗಿ ಭಾಗವಾಗುತ್ತದೆಂದು ವಿನ್ಯಾಸಕರು ಅದನ್ನು ಮೆಚ್ಚಿದ್ದರು. ಪರದೆಗೆ ತಕ್ಕಂತೆ ಬದಲಾಗುವ ವಿನ್ಯಾಸವನ್ನು ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲೇ ವಿವರಿಸಿದರು. ವೆಬ್ ಪುಟಗಳು ಅಂಗವಿಕಲರೂ ಸೇರಿ ಎಲ್ಲರಿಗೂ ಎಟುಕಬೇಕೆನ್ನುವ 2018ರ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿಯಂತೂ ಬರಹವು 320 ಪಿಕ್ಸೆಲ್ ಅಗಲದಲ್ಲಿಯೂ ಅಡ್ಡಡ್ಡ ಸರಿಸದೆ ಓದಲು ಸಿಗಬೇಕೆನ್ನುತ್ತದೆ. ಅಸಲಿಗೆ, ಪುಟ ಬರೆಯುವ ಮೂಲ ಭಾಷೆಯಾದ ಬರೀ ಎಚ್‌ಟಿಎಂಎಲ್ ಪುಟಕ್ಕೆ ಅಗಲವೆಂಬುದೇ ಇಲ್ಲ. ಅದು ಬ್ರೌಸರಿನ ಕಿಟಕಿ ಎಷ್ಟಿದೆಯೋ ಅಷ್ಟರಲ್ಲಿ ಹರಿಯುತ್ತದೆ. ಕಟ್ಟಿಹಾಕುವವರು ನಾವು.

ದೊಡ್ಡ ಮಾನಿಟರಿನಲ್ಲಿ ಪುಟ ಪೂರ್ತಿ ಹರಡಿದರೆ ಸಾಲು ಉದ್ದವಾಗಿ, ಮುಂದಿನ ಸಾಲಿನ ಆರಂಭ ಕಣ್ಣಿಗೆ ಸಿಗುವುದಿಲ್ಲವೆಂದು ಕೆಲವರು ಸ್ಥಿರ ಅಗಲದ ಪರ ವಾದಿಸುತ್ತಾರೆ. ಮಾತು ನಿಜ. ಆದರೆ ಅದಕ್ಕೆ ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಮ್ಯಾಕ್ಸ್-ವಿಡ್ತ್ ಎಂಬ ಒಂದು ಸಾಲು ಸಾಕು: ಅದು ಮೇಲಿನ ಮಿತಿಯನ್ನಷ್ಟೇ ಹಾಕುತ್ತದೆ, ಚಿಕ್ಕ ಪರದೆಯನ್ನು ಹಿಂಸಿಸುವುದಿಲ್ಲ. ಆ ಮಿತಿಯನ್ನೂ ಪಿಕ್ಸೆಲ್‌ಗಳಲ್ಲಲ್ಲ, ಅಕ್ಷರದ ಗಾತ್ರವನ್ನು ಅನುಸರಿಸುವ ‘ಎಮ್’ ಅಳತೆಯಲ್ಲಿ ಕೊಡಬೇಕು. ಒತ್ತಕ್ಷರ ಸ್ಪಷ್ಟವಾಗಿ ಕಾಣಲೆಂದು ನಮ್ಮ ಹಿರಿಯರು ಅಕ್ಷರ ಹಿಗ್ಗಿಸಿಕೊಳ್ಳುತ್ತಾರೆ; ವಿಭಕ್ತಿ ಸೇರಿ ಉದ್ದವಾದ ಕನ್ನಡದ ಪದಗಳು ಆಗ ಪಿಕ್ಸೆಲ್ ಲೆಕ್ಕದ ಇಕ್ಕಟ್ಟು ಕಾಲಂನಿಂದ ಹೊರಚಾಚುತ್ತವೆ. ಇದು ನನ್ನನ್ನು ಬಹಳ ಕಾಡುವ ಸಂಗತಿ, ಏಕೆಂದರೆ ಇಂಗ್ಲಿಷ್ ಬರಹವಿಟ್ಟು ಪುಟ ಪರೀಕ್ಷಿಸುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಆ ಧಾರಣೆಯ ಪುಟದಂಥ ಕೋಷ್ಟಕದ ಸಮಸ್ಯೆ ಬೇರೆ, ನಿಜ. ಆದರೂ ಹೆಸರಿನ ಕಾಲಂ ಜಾಗ ಬಿಡದಂತೆ ನಿಲ್ಲಿಸಿ, ಉಳಿದ ಕಾಲಂಗಳನ್ನಷ್ಟೇ ಸರಿಯುವಂತೆ ಮಾಡಲು ಸಾಧ್ಯವಿದೆ. ಚಿಕ್ಕ ಪರದೆಯಲ್ಲಿ ಪ್ರತಿ ಕಾಳಿನ ಹೆಸರು, ಕನಿಷ್ಠ, ಗರಿಷ್ಠ ಬೆಲೆಗಳನ್ನು ಒಂದರ ಕೆಳಗೊಂದು ಜೋಡಿಸಲೂಬಹುದು. ನಮ್ಮ ಕಡೆ ಈ ಕೆಲಸ ಮಾಡುವ ತರುಣರಲ್ಲಿ ನನ್ನ ಕೋರಿಕೆ ಇಷ್ಟೇ: ಪುಟವನ್ನು ಒಪ್ಪಿಸುವ ಮುನ್ನ ಕಿಟಕಿಯನ್ನು 320 ಪಿಕ್ಸೆಲ್‌ಗೆ ಕಿರಿದಾಗಿಸಿ, ಅಕ್ಷರವನ್ನು ಇಮ್ಮಡಿ ಹಿಗ್ಗಿಸಿ, ಕನ್ನಡ ಬರಹವನ್ನೇ ಇಟ್ಟು ಒಮ್ಮೆ ಓದಿ ನೋಡಿರಿ.