ಬ್ಯಾಡ್ಜಿನ ಬೆನ್ನು

ನವೆಂಬರ್ ಬಂತೆಂದರೆ ಬೆಂಗಳೂರಿನ ಅಂಗಿಗಳಿಗೆಲ್ಲ ಒಂದು ಗುಂಡಿ ಹೆಚ್ಚಾಗುತ್ತದೆ. ಆಟೋ ಚಾಲಕರ ಖಾಕಿ ಜೇಬಿನ ಮೇಲೆ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರ ಸೆರಗಿನ ಮಡಿಕೆಯಲ್ಲಿ, ಸಾಫ್ಟ್‌ವೇರ್ ಕಂಪನಿಯ ಹುಡುಗರ ಕೊರಳಲ್ಲಿ ತೂಗುವ ಗುರುತಿನ ಚೀಟಿಯ ಪಟ್ಟಿಯ ಮೇಲೆ ಹಳದಿ-ಕೆಂಪು ಬಣ್ಣದ ದುಂಡು ಬ್ಯಾಡ್ಜು ಕಾಣಿಸಿಕೊಂಡು, ತಿಂಗಳು ಮುಗಿಯುವ ಹೊತ್ತಿಗೆ ಮೇಜಿನ ಖಾನೆಗೋ ಕಿಟಕಿಯ ಗೂಡಿಗೋ ಸೇರಿ ಕಣ್ಮರೆಯಾಗುತ್ತದೆ. ಇದನ್ನು ಎಲ್ಲರೂ ಮುಂದಿನಿಂದಲೇ ನೋಡುತ್ತಾರೆ, ಮಾಡಿರುವುದೂ ಅದಕ್ಕಾಗಿಯೇ. ಬ್ಯಾಡ್ಜುಗಳನ್ನು ಕೂಡಿಡುವ ಹವ್ಯಾಸಿಗಳ ರೀತಿ ಮಾತ್ರ ಬೇರೆ. ಹಳೆಯ ಬ್ಯಾಡ್ಜೊಂದು ಕೈಗೆ ಸಿಕ್ಕಿದ ಕೂಡಲೇ ಅವರು ಅದನ್ನು ಮಗುಚಿ ಹಿಡಿಯುತ್ತಾರೆ. ಮುಖದ ಮೇಲೆ ಯಾರ ಭಾವಚಿತ್ರವನ್ನಾದರೂ, ಎಂತಹ ಘೋಷಣೆಯನ್ನಾದರೂ ಅಚ್ಚು ಹಾಕಬಹುದು. ಅದರ ವಯಸ್ಸು, ಊರು, ಹುಟ್ಟಿದ ಕಾರ್ಖಾನೆ ಇವೆಲ್ಲ ದಾಖಲಾಗಿರುವುದು ಬೆನ್ನಿನಲ್ಲಿ. ಈ ಸಣ್ಣ ವಸ್ತುವಿನ ಇತಿಹಾಸವನ್ನು ಹಿಂಬದಿಯಿಂದ ಓದುವುದೇ ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯವೂ ಹೌದು.

ಮೊದಮೊದಲು ಇದಕ್ಕೆ ಪಿನ್ನೇ ಇರಲಿಲ್ಲ. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡಾಗ, ಅವರ ಹೆಸರಿನ ಮೊದಲಕ್ಷರಗಳನ್ನೂ ‘ಅಧ್ಯಕ್ಷರು ಚಿರಾಯುವಾಗಲಿ’ ಎಂಬರ್ಥದ ಹಾರೈಕೆಯನ್ನೂ ಕೊರೆದ ಲೋಹದ ಗುಂಡಿಗಳು ಚಲಾವಣೆಗೆ ಬಂದವು. ಅವು ನಿಜವಾದ ಗುಂಡಿಗಳು. ಬೆನ್ನಿನಲ್ಲಿ ಸಣ್ಣದೊಂದು ಕೊಂಡಿಯಿದ್ದು, ಅದರೊಳಗೆ ದಾರ ತೂರಿಸಿ ಕೋಟಿಗೆ ಹೊಲಿದುಕೊಳ್ಳಬೇಕಿತ್ತು. ಹೀಗೆ ಹೊಲಿದುಕೊಂಡ ಅಭಿಮಾನವನ್ನು ಸಂಜೆಗೆ ಬದಲಿಸಬೇಕೆಂದರೆ ದರ್ಜಿಯ ಮನೆಗೆ ಹೋಗಬೇಕು. ಮುಂದೆ ಪಿನ್ನು ಬಂದ ಮೇಲೆ ರಾಜಕೀಯ ನಿಷ್ಠೆಗೆ ಎಷ್ಟು ಅನುಕೂಲವಾಯಿತೆಂಬುದನ್ನು ಕರ್ನಾಟಕದ ಓದುಗರಿಗೆ ವಿವರಿಸಬೇಕಾಗಿಲ್ಲ.

1860ರಲ್ಲಿ ಅಬ್ರಹಾಂ ಲಿಂಕನ್ ಸ್ಪರ್ಧಿಸಿದ ಚುನಾವಣೆಯ ಹೊತ್ತಿಗೆ ಛಾಯಾಗ್ರಹಣ ಬಂದಿತ್ತು. ತೆಳುವಾದ ಕಬ್ಬಿಣದ ತಗಡಿನ ಮೇಲೆ ಭಾವಚಿತ್ರವನ್ನು ಮೂಡಿಸಿ, ಅದನ್ನು ಪುಟ್ಟ ಲೋಹದ ಚೌಕಟ್ಟಿನಲ್ಲಿ ಕೂರಿಸಿ, ಅಂಚಿನ ರಂಧ್ರದಲ್ಲಿ ರಿಬ್ಬನ್ ಪೋಣಿಸಿ ತೊಡುತ್ತಿದ್ದರು. ಹಲವು ಬಿಲ್ಲೆಗಳಲ್ಲಿ ಒಂದು ಕಡೆ ಲಿಂಕನ್, ಮಗ್ಗುಲು ಬದಲಿಸಿದರೆ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಹ್ಯಾನಿಬಲ್ ಹ್ಯಾಮ್ಲಿನ್. ಅಂದರೆ ಅದಕ್ಕೆ ಬೆನ್ನೆಂಬುದೇ ಇಲ್ಲ, ಎರಡೂ ಮುಖವೇ. ಸದಾ ಎದೆಗೆ ಒರಗಿಕೊಂಡು ಕತ್ತಲಲ್ಲಿರಬೇಕಾದ ಸ್ಥಾನವನ್ನು ಉಪಾಧ್ಯಕ್ಷರಿಗೆ ಕೊಟ್ಟವರ ರಾಜಕೀಯ ಜ್ಞಾನವನ್ನು ಮೆಚ್ಚಲೇಬೇಕು.

ನಾವು ಇಂದು ಕಾಣುವ ಬ್ಯಾಡ್ಜು ಹುಟ್ಟಿದ್ದು ಸೆಲ್ಯುಲಾಯ್ಡ್ ಬಂದ ನಂತರ. ಬಿಲಿಯರ್ಡ್ಸ್ ಚೆಂಡುಗಳಿಗೆ ಬೇಕಾದ ಆನೆಯ ದಂತ ದುಬಾರಿಯಾಗಿ, ಅದಕ್ಕೆ ಬದಲಿ ಹುಡುಕುತ್ತಿದ್ದ ಜಾನ್ ವೆಸ್ಲಿ ಹಯಟ್ ಎಂಬ ಅಮೆರಿಕನ್ ಮುದ್ರಕ 1870ರ ಆಸುಪಾಸಿನಲ್ಲಿ ಅದನ್ನು ರೂಪಿಸಿದ. ನೈಟ್ರಿಕ್ ಆಮ್ಲದಲ್ಲಿ ಹದಗೊಳಿಸಿದ ಹತ್ತಿಯ ನಾರಿಗೆ ಆತ ಬೆರೆಸಿದ್ದು ಬೇರೇನನ್ನೂ ಅಲ್ಲ, ನಾವು ಮಂಗಳಾರತಿಗೆ ಬಳಸುವ ಕರ್ಪೂರವನ್ನು. ಆ ಮಿಶ್ರಣವನ್ನು ಬಿಸಿ ಮಾಡಿ ಒತ್ತಿದರೆ ಗಾಜಿನಂತೆ ಪಾರದರ್ಶಕವಾದ, ಆದರೆ ಬಗ್ಗುವ ಹಾಳೆ ದೊರೆಯುತ್ತಿತ್ತು. ಸೆಲ್ಯುಲಾಯ್ಡಿಗೆ ಬೇಡಿಕೆ ಏರಿದಂತೆ ಕರ್ಪೂರದ ಮರಗಳು ಹೇರಳವಾಗಿದ್ದ ಫಾರ್ಮೋಸಾ ದ್ವೀಪಕ್ಕೆ, ಎಂದರೆ ಇಂದಿನ ತೈವಾನಿಗೆ, ಎಲ್ಲಿಲ್ಲದ ಬೆಲೆ ಬಂದು, ಆ ದ್ವೀಪವನ್ನು ಆಳುತ್ತಿದ್ದ ಜಪಾನ್ 1899ರಲ್ಲಿ ಅಲ್ಲಿನ ಕರ್ಪೂರದ ವ್ಯಾಪಾರವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿತು. ಹಳೆಯ ಸೆಲ್ಯುಲಾಯ್ಡ್ ವಸ್ತುಗಳನ್ನು ಅಂಗೈಯಲ್ಲಿ ಉಜ್ಜಿ ಮೂಗಿನ ಬಳಿ ಹಿಡಿದರೆ ಇಂದಿಗೂ ದೇವಸ್ಥಾನದ ವಾಸನೆ ಬರುವುದುಂಟು. ಆದರೆ ಬೆಂಕಿಯನ್ನು ಮಾತ್ರ ಹತ್ತಿರ ತರಬಾರದು. ಒಳಗಿರುವ ನೈಟ್ರೊಸೆಲ್ಯುಲೋಸ್ ಕರ್ಪೂರಕ್ಕಿಂತಲೂ ಆತುರದ ಪದಾರ್ಥ.

ನ್ಯೂಜೆರ್ಸಿಯ ನ್ಯೂಆರ್ಕ್ ಪಟ್ಟಣದಲ್ಲಿ 1892ರಲ್ಲಿ ಆರಂಭವಾದ ವೈಟ್‌ಹೆಡ್ ಅಂಡ್ ಹೋಗ್ ಎಂಬ ಸಂಸ್ಥೆ ಈ ಹಾಳೆಯನ್ನು ಎದೆಗೇರಿಸಿತು. ಲೋಹದ ತೆಳುವಾದ ತಟ್ಟೆಯ ಮೇಲೆ ಬಟ್ಟೆ ಹೊದಿಸಿ ಗುಂಡಿ ಮಾಡುವ ವಿಧಾನವೊಂದಕ್ಕೆ ಬಾಸ್ಟನ್ನಿನ ಅಮಂಡಾ ಲೂಗೀ ಎಂಬ ಮಹಿಳೆ ಪೇಟೆಂಟ್ ಪಡೆದಿದ್ದರು. ಆ ಹಕ್ಕನ್ನು ಕೊಂಡುಕೊಂಡ ಸಂಸ್ಥೆಯವರು ಬಟ್ಟೆಯ ಜಾಗದಲ್ಲಿ ಅಚ್ಚಾದ ಕಾಗದವನ್ನಿಟ್ಟು, ಅದರ ಮೇಲೆ ಸೆಲ್ಯುಲಾಯ್ಡ್ ಹೊದಿಸಿ, ಮೂರನ್ನೂ ಒಟ್ಟಿಗೆ ಒತ್ತಿ ಅಂಚನ್ನು ಹಿಂದಕ್ಕೆ ಮಡಚಿ, ಲೋಹದ ಬಳೆಯೊಂದರಿಂದ ಬಿಗಿದರು. ಕರ್ಜಿಕಾಯಿಯ ಅಂಚನ್ನು ಹೂರಣ ಹೊರಬಾರದಂತೆ ಒತ್ತಿ ಮಡಚುವವರಿಗೆ ಈ ಕೆಲಸದ ಮರ್ಮ ಕೂಡಲೇ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ನಿಜವಾದ ಜಾಣತನವಿರುವುದು ಪಿನ್ನಿನಲ್ಲಿ. ಬಿಜಾಗರಿಯಿಲ್ಲ, ಬೆಸುಗೆಯಿಲ್ಲ, ಚಿಲಕವಿಲ್ಲ. ಒಂದೇ ತುಂಡು ತಂತಿಯನ್ನು ದುಂಡಗೆ ಬಗ್ಗಿಸಿ ಬೆನ್ನಿನ ಕುಳಿಯೊಳಗೆ ಕೂರಿಸಿದರೆ, ಅದು ತನ್ನ ಬಿಗುವಿನಿಂದಲೇ ಅಂಚಿಗೆ ಕಚ್ಚಿಕೊಂಡು ನಿಲ್ಲುತ್ತದೆ ಮತ್ತು ಅದರ ಚೂಪಾದ ತುದಿ ಅಡ್ಡಲಾಗಿ ಹಾದು ಅದೇ ಅಂಚಿನ ಆಸರೆ ಪಡೆಯುತ್ತದೆ. ಇದಕ್ಕೆ ಸಂಬಂಧಿಸಿದ ಪೇಟೆಂಟ್ ದೊರೆತದ್ದು 1896ರ ಜುಲೈ 21ರಂದು. ಆ ವರ್ಷವೇ ಅಮೆರಿಕದಲ್ಲಿ ವಿಲಿಯಂ ಮೆಕಿನ್ಲಿ ಮತ್ತು ವಿಲಿಯಂ ಜೆನ್ನಿಂಗ್ಸ್ ಬ್ರಯನ್ ನಡುವೆ ಚುನಾವಣೆ. ನಾಣ್ಯದ ಆಧಾರ ಚಿನ್ನವೊಂದೇ ಆಗಿರಬೇಕೋ, ಬೆಳ್ಳಿಯೂ ಸೇರಬೇಕೋ ಎಂಬುದು ವಿವಾದ. ಚಿನ್ನದ ಒಂದು ಭಾಗಕ್ಕೆ ಬೆಳ್ಳಿಯ 16 ಭಾಗ ಸಮ ಎಂಬ ಬ್ರಯನ್ ಪಕ್ಷದ ವಾದವನ್ನು ಸಾರಲು, ಒಂದು ಗಂಟೆಗೆ 16 ನಿಮಿಷ ಬಾಕಿಯಿರುವ ಗಡಿಯಾರದ ಚಿತ್ರವನ್ನು ಬ್ಯಾಡ್ಜಿನ ಮೇಲೆ ಅಚ್ಚು ಹಾಕಿದ ಪುಣ್ಯಾತ್ಮರೂ ಇದ್ದರು. ಹಣಕಾಸು ನೀತಿಯನ್ನು ಒಂದು ಅಂಗುಲದ ವೃತ್ತದೊಳಗೆ ಇಳಿಸಿದ ಇಂತಹ ಉದಾಹರಣೆ ಮತ್ತೊಂದಿರಲಾರದು.

ವೈಟ್‌ಹೆಡ್ ಅಂಡ್ ಹೋಗ್ ಬ್ಯಾಡ್ಜುಗಳ ಬೆನ್ನಿನ ಕುಳಿಯಲ್ಲಿ ದುಂಡಗೆ ಕತ್ತರಿಸಿದ ಚೂರು ಕಾಗದವೊಂದಿರುತ್ತದೆ. ಸಂಸ್ಥೆಯ ಹೆಸರು, ಊರು, ಪೇಟೆಂಟ್ ದಿನಾಂಕಗಳನ್ನು ಅದರ ಮೇಲೆ ಇರುವೆಯಷ್ಟು ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಹೊಸಬರು ಎಡವುವುದು ಇಲ್ಲಿಯೇ: 1896 ಎಂದು ಕಂಡ ಕೂಡಲೇ ಬ್ಯಾಡ್ಜು ಆ ವರ್ಷದ್ದೆಂದು ಬೀಗುತ್ತಾರೆ, ಆದರೆ ಅದು ಪೇಟೆಂಟಿನ ವರ್ಷ, ಅದೇ ಕಾಗದವನ್ನು ಮುಂದೆ ಎಷ್ಟೋ ವರ್ಷ ಹಾಕುತ್ತಲೇ ಇದ್ದರು. ಅದೇ ಜಾಗವನ್ನು ಸಿಗರೇಟು ಮತ್ತು ಚ್ಯೂಯಿಂಗ್ ಗಮ್ ಕಂಪನಿಗಳು ಬಾಡಿಗೆಗೆ ಹಿಡಿದದ್ದೂ ಉಂಟು. ಮುಂದೆ ನಟಿಯ ಮುಗುಳ್ನಗೆಯೋ ಪತ್ರಿಕೆಯ ವ್ಯಂಗ್ಯಚಿತ್ರದ ಪಾತ್ರವೋ, ಹಿಂದೆ ತಂಬಾಕಿನ ಜಾಹೀರಾತು. ಮುಖಕ್ಕೆ ಮರುಳಾದವನನ್ನು ಬೆನ್ನಿನಿಂದ ಹಿಡಿಯುವ ಈ ವ್ಯಾಪಾರ ಇಂದಿಗೂ ನಿಂತಿಲ್ಲ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕ ಮುಗಿಯುವ ಹೊತ್ತಿಗೆ ಕಾಗದವೂ ಬೇಡ, ಸೆಲ್ಯುಲಾಯ್ಡೂ ಬೇಡ ಎಂದು ತಗಡಿನ ಮೇಲೆಯೇ ನೇರವಾಗಿ ಬಣ್ಣ ಅಚ್ಚು ಹಾಕಿ, ಆಮೇಲೆ ಬಿಲ್ಲೆಗಳನ್ನು ಕತ್ತರಿಸಿ ಒತ್ತುವ ವಿಧಾನ ಬಂದಿತು. ಇದು ಅಗ್ಗ, ಆದರೆ ಬೇಗ ಗೀಚಿ ಹೋಗುತ್ತದೆ. 1940ರ ದಶಕದಲ್ಲಿ ಕೆಲಾಗ್ಸ್ ಕಂಪನಿ ತನ್ನ ‘ಪೆಪ್’ ಉಪಾಹಾರದ ಡಬ್ಬಿಗಳಲ್ಲಿ ಮಕ್ಕಳಿಗಾಗಿ ಇಟ್ಟ ಬ್ಯಾಡ್ಜುಗಳೂ ಈ ಬಗೆಯವೇ. ಸಂಗ್ರಾಹಕರು ಪ್ರಾಣ ಬಿಡುವುದು ಮಾತ್ರ 1920ರ ಚುನಾವಣೆಯಲ್ಲಿ ಸೋತ ಜೋಡಿಯ ಬ್ಯಾಡ್ಜಿಗೆ. ಆ ವರ್ಷ ಜೇಮ್ಸ್ ಕಾಕ್ಸ್ ಅಧ್ಯಕ್ಷ ಸ್ಥಾನಕ್ಕೂ ಫ್ರಾಂಕ್ಲಿನ್ ರೂಸ್‌ವೆಲ್ಟ್ ಉಪಾಧ್ಯಕ್ಷ ಸ್ಥಾನಕ್ಕೂ ನಿಂತು ವಾರೆನ್ ಹಾರ್ಡಿಂಗ್ ಎದುರು ಹೀನಾಯವಾಗಿ ಸೋತರು. ಪ್ರಚಾರಕ್ಕೆ ದುಡ್ಡಿರಲಿಲ್ಲವಾದ್ದರಿಂದ ಇಬ್ಬರ ಮುಖವೂ ಒಟ್ಟಿಗಿರುವ ಬ್ಯಾಡ್ಜುಗಳು ತೀರಾ ಕಡಿಮೆ ತಯಾರಾದವು; ಅದೇ ಕಾರಣಕ್ಕೆ ಇಂದು ಒಂದೊಂದಕ್ಕೂ ಹತ್ತಾರು ಸಾವಿರ ಡಾಲರ್ ಬೆಲೆ. ಗೆದ್ದ ಹಾರ್ಡಿಂಗ್ ಅವರ ಸಾಧಾರಣ ಬ್ಯಾಡ್ಜನ್ನು ಕೇಳುವವರು ಕಡಿಮೆ. ಠೇವಣಿ ಕಳೆದುಕೊಂಡ ನಮ್ಮ ಅಭ್ಯರ್ಥಿಗಳು ಉಳಿದ ಬ್ಯಾಡ್ಜುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳ್ಳೆಯದು.

ತಗಡಿನ ಹಾದಿಯನ್ನು ಬಿಟ್ಟ ಬ್ಯಾಡ್ಜೂ ಒಂದಿದೆ. 1958ರಲ್ಲಿ ಅಣ್ವಸ್ತ್ರಗಳನ್ನು ವಿರೋಧಿಸಿ ಲಂಡನ್ನಿನಿಂದ ಆಲ್ಡರ್‌ಮಾಸ್ಟನ್‌ಗೆ ಮೆರವಣಿಗೆ ಹೊರಟವರು ಜೆರಾಲ್ಡ್ ಹೋಲ್ಟಮ್ ರಚಿಸಿದ ಶಾಂತಿ ಚಿಹ್ನೆಯನ್ನು ಧರಿಸಿದರು. ಆ ಚಿಹ್ನೆಯ ಮೊದಲ ಬ್ಯಾಡ್ಜುಗಳನ್ನು ಬಿಳಿಯ ಜೇಡಿಮಣ್ಣಿನಲ್ಲಿ ಮಾಡಿ ಸುಟ್ಟಿದ್ದರು. ಅಣುಯುದ್ಧದ ಬೆಂಕಿಯಲ್ಲಿ ಉಳಿಯಬಹುದಾದ ಕೆಲವೇ ಮಾನವ ನಿರ್ಮಿತ ವಸ್ತುಗಳಲ್ಲಿ ಇವೂ ಸೇರುತ್ತವೆ ಎಂಬ ಟಿಪ್ಪಣಿಯೂ ಜೊತೆಗಿತ್ತು. ಹಳದಿ ನಗುಮುಖದ ಕಥೆ ಇದಕ್ಕೆ ತೀರಾ ವಿರುದ್ಧ. ವಿಮಾ ಕಂಪನಿಯೊಂದರ ನೌಕರರು ನಗುನಗುತ್ತಾ ಇರಲೆಂದು 1963ರಲ್ಲಿ ಹಾರ್ವಿ ಬಾಲ್ ಎಂಬ ಕಲಾವಿದ ಅದನ್ನು ಬರೆದುಕೊಟ್ಟು ಪಡೆದದ್ದು 45 ಡಾಲರ್. ಬ್ಯಾಡ್ಜು ಕೋಟಿಗಟ್ಟಲೆ ಮಾರಾಟವಾಯಿತು.

ನಮ್ಮ ದೇಶದಲ್ಲಿ ಬ್ಯಾಡ್ಜಿನ ಬೆನ್ನು ಅಷ್ಟು ಮಾತನಾಡುವುದಿಲ್ಲ. ಇಲ್ಲಿ ವಯಸ್ಸು ಹೇಳುವುದು ಚಿಹ್ನೆ. ಅಕ್ಷರ ಬಾರದ ಕೋಟ್ಯಂತರ ಮತದಾರರಿಗಾಗಿ 1951–52ರ ಮೊದಲ ಮಹಾಚುನಾವಣೆಯಲ್ಲಿಯೇ ಪಕ್ಷಗಳಿಗೆ ಗುರುತುಗಳನ್ನು ಹಂಚಿದ್ದರಿಂದ, ಅಮೆರಿಕದ ಬ್ಯಾಡ್ಜಿನಲ್ಲಿ ಮುಖವಿದ್ದ ಜಾಗದಲ್ಲಿ ನಮಗೆ ಎತ್ತು, ದೀಪ, ಗುಡಿಸಲುಗಳು ಬಂದವು. ಜೋಡೆತ್ತು ಕಂಡರೆ ಅದು ಕಾಂಗ್ರೆಸ್ ಒಡೆಯುವ ಮುಂಚಿನದು, ಹಸು-ಕರುವಿದ್ದರೆ 1970ರ ದಶಕದ್ದು, ಹಸ್ತವಿದ್ದರೆ 1978ರ ಈಚಿನದು. ದೀಪವಿದ್ದರೆ ಜನಸಂಘದ ಕಾಲದ್ದು, ಕಮಲವಿದ್ದರೆ 1980ರ ನಂತರದ ಭಾಜಪದ್ದು. ಚಕ್ರವಿದ್ದರೆ ಜನತಾದಳ ಒಂದಾಗಿದ್ದ ದಿನಗಳದ್ದು, ತೆನೆ ಹೊತ್ತ ಮಹಿಳೆಯಿದ್ದರೆ ಒಡೆದ ಮೇಲಿನದು. ಪಕ್ಷಗಳು ಇಷ್ಟು ಮುತುವರ್ಜಿಯಿಂದ ಒಡೆಯದೇ ಇದ್ದಿದ್ದರೆ ನಮ್ಮ ಸಂಗ್ರಾಹಕರಿಗೆ ಕಾಲನಿರ್ಣಯವೇ ಕಷ್ಟವಾಗುತ್ತಿತ್ತು. ಮತದಾನದ ದಿನ ಮತಗಟ್ಟೆಯ 100 ಮೀಟರ್ ಒಳಗೆ ಇಂತಹ ಗುರುತುಗಳನ್ನು ಪ್ರದರ್ಶಿಸುವುದನ್ನು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 130ನೆಯ ಕಲಂ ನಿಷೇಧಿಸುತ್ತದೆ. ಬೆರಳ ತುದಿಯಷ್ಟಿರುವ ತಗಡಿಗೆ ಕಾನೂನು ಕೊಟ್ಟಿರುವ ಈ ಗೌರವ ಆಳೆತ್ತರದ ಕಟೌಟಿಗೆ ಕೊಟ್ಟದ್ದಕ್ಕಿಂತ ಕಡಿಮೆಯೇನಲ್ಲ.

ಬೆಂಗಳೂರಿನಲ್ಲಿ ಚುನಾವಣೆಯಷ್ಟೇ ಸಿನಿಮಾ ಕೂಡ ಬ್ಯಾಡ್ಜನ್ನು ಸಾಕಿದೆ; ಡಾ. ರಾಜ್‌ಕುಮಾರ್ ಅವರ ನಗುಮುಖವನ್ನೋ ಶಂಕರ್‌ನಾಗ್ ಅವರ ಗಡ್ಡವನ್ನೋ ಜೇಬಿನ ಮೇಲೆ ಸಿಕ್ಕಿಸಿಕೊಂಡು ಸ್ಟಿಯರಿಂಗ್ ಹಿಡಿದವರನ್ನು ಕಾಣದ ಬೆಂಗಳೂರಿಗರಿಲ್ಲ. ಈಗ ಅವನ್ನು ಮಾಡುವುದೂ ಸುಲಭವಾಗಿದೆ. ಪೇಟೆಯ ಓಣಿಗಳ ಸಣ್ಣ ಮುದ್ರಣಾಲಯಗಳಲ್ಲಿ ಕೈಯಿಂದ ಎಳೆಯುವ ಬ್ಯಾಡ್ಜ್ ಮಷಿನ್ ಇರುತ್ತದೆ, 44 ಮತ್ತು 58 ಮಿಲಿಮೀಟರಿನ ಅಚ್ಚುಗಳು ಹೆಚ್ಚು ಬಳಕೆಯಲ್ಲಿವೆ. ಒಂದು ಬಟ್ಟಲಲ್ಲಿ ತಗಡು, ಕಾಗದ, ಪ್ಲಾಸ್ಟಿಕ್ ಹಾಳೆ, ಇನ್ನೊಂದರಲ್ಲಿ ಪಿನ್ನಿರುವ ಬೆನ್ನು. ಒಮ್ಮೆ ಎಳೆದರೆ ಮುಖ ಮೇಲಕ್ಕೆ ಹಿಡಿದುಕೊಳ್ಳುತ್ತದೆ, ಬಟ್ಟಲು ತಿರುಗಿಸಿ ಮತ್ತೊಮ್ಮೆ ಎಳೆದರೆ ಬೆನ್ನಿಗೆ ಕಚ್ಚಿಕೊಳ್ಳುತ್ತದೆ. ತತ್ತ್ವ 1896ರದ್ದೇ. ಆದರೆ ಬೆನ್ನು ಈಗ ಪೂರ್ತಿ ಮುಚ್ಚಿಹೋಗಿದೆ, ಅದರ ಮೇಲೆ ಮಾಡಿದವರ ಹೆಸರಿಲ್ಲ, ವರ್ಷವಿಲ್ಲ, ಊರೂ ಇಲ್ಲ. ಇನ್ನು ನೂರು ವರ್ಷಗಳ ನಂತರ ನಮ್ಮ ರಾಜ್ಯೋತ್ಸವದ ಬ್ಯಾಡ್ಜನ್ನು ಮಗುಚಿ ನೋಡುವವನಿಗೆ ಏನೂ ತಿಳಿಯದು ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಪ್ಲಾಸ್ಟಿಕ್ಕಿನ ಮೇಲೆ ನಾಲ್ಕು ಅಂಕಿ ಒತ್ತಲು ಎಷ್ಟು ಖರ್ಚಾದೀತು?

ಈ ನಾಲ್ಕು ಅಂಕಿಗಳಿಗಾಗಿ ಅಮೆರಿಕದಲ್ಲಿ ಕಾನೂನೇ ಆಗಿದೆ. ಹಳೆಯ ಚುನಾವಣಾ ಬ್ಯಾಡ್ಜುಗಳ ನಕಲುಗಳು ಮಿತಿಮೀರಿದಾಗ, 1973ರಲ್ಲಿ ಹವ್ಯಾಸಿಗಳ ರಕ್ಷಣೆಗೆಂದೇ ಕಾಯ್ದೆ ತಂದು, ನಕಲಿನ ಮೇಲೆ ಅದನ್ನು ತಯಾರಿಸಿದ ವರ್ಷ ಅಳಿಸಲಾಗದಂತೆ ಕಾಣಿಸಲೇಬೇಕೆಂದು ವಿಧಿಸಿದರು. ನಮ್ಮ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ಅಂತಹ ರಕ್ಷಣೆಯಿಲ್ಲ. ಗಡಿಯಾರದ ಪಟ್ಟಿ, ಬೀಗದ ಕೈಗಳ ರಾಶಿಯ ನಡುವೆ ಸಿಕ್ಕ ಬ್ಯಾಡ್ಜೊಂದನ್ನು ತಿರುಗಿಸಿ ನೋಡುತ್ತಿದ್ದ ನನಗೆ ಅಂಗಡಿಯಾತ, “ಹಿಂದೆ ಏನ್ ನೋಡ್ತೀರ ಸಾರ್, ಮುಂದೆ ನೋಡಿ, ಹೊಸದ್ರ ಹಾಗಿದೆ” ಎಂದು ಹುರುಪಿನಿಂದ ಹೇಳಿದರು. ಅವರು ಹೇಳಿದ್ದು ನಿಜ. ಅದು ಹೊಸದೇ ಆಗಿತ್ತು.

ಹಳೆಯದು ಕೈಸೇರಿದರೂ ಉಳಿಸಿಕೊಳ್ಳುವುದು ಬೇರೆಯೇ ವಿದ್ಯೆ. ಸೆಲ್ಯುಲಾಯ್ಡ್ ಬ್ಯಾಡ್ಜಿನ ಮುಖದ ಮೇಲೆ ಕಾಣುವ ಕಂದು ಕಲೆಗಳಿಗೆ ಮುಖದ ದೋಷವೇನೂ ಕಾರಣವಲ್ಲ. ತೇವ ಅಂಚಿನ ಮಡಿಕೆಯಿಂದ ನುಸುಳಿ ತಗಡಿಗೆ ತುಕ್ಕು ಹಿಡಿಸುತ್ತದೆ, ಆ ತುಕ್ಕು ಒಳಗಿನ ಕಾಗದಕ್ಕೆ ಹತ್ತಿ ನಿಧಾನವಾಗಿ ಮುಂದಕ್ಕೆ ಹರಡುತ್ತದೆ. ಆದ್ದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಒಲೆಯ ಹತ್ತಿರ ಇಡಬಾರದು, ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಗಟ್ಟಿಸಲೂಬಾರದು. ಗಾಳಿಯಾಡುವ, ತಂಪಾದ, ಒಣ ಜಾಗವೇ ಬೇಕು. ಜೂನ್ ತಿಂಗಳಿನಿಂದ ಅಕ್ಟೋಬರಿನವರೆಗೆ ಬೆಂಗಳೂರಿನ ಮನೆಯಲ್ಲಿ ಅಂತಹ ಜಾಗವೆಂದರೆ ರೇಷ್ಮೆ ಸೀರೆಗಳನ್ನಿಡುವ ಬೀರು ಒಂದೇ, ಮತ್ತು ನಮ್ಮ ಮನೆಯಲ್ಲಿ ಪಿನ್ನಿರುವ ಯಾವ ವಸ್ತುವಿಗೂ ಅದರೊಳಗೆ ಪ್ರವೇಶವಿಲ್ಲ.