ಅಮ್ಮ ಬರೆದಿಟ್ಟುಕೊಂಡ ನಂಬರು

ಕಳೆದ ಸಲ ತೀರ್ಥಹಳ್ಳಿ ಕಡೆ ನಮ್ಮ ಮನೆಗೆ ಹೋದಾಗ ಗೋಡೆ ಕ್ಯಾಲೆಂಡರಿನಲ್ಲಿ ಒಂದು ಉದ್ದದ ನಂಬರು ಕಂಡಿತು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಏಕಾದಶಿಗೆ ಹಾಕಿದ ಸುತ್ತು, ಇವುಗಳ ನಡುವೆ ಅಮ್ಮನ ದುಂಡು ಅಕ್ಷರದಲ್ಲಿ ಹತ್ತು ಹನ್ನೊಂದು ಅಂಕಿ.

"ಇದ್ಯಾರ ಫೋನ್ ನಂಬರಮ್ಮಾ?"

"ಫೋನಿಂದಲ್ಲ ಮಾರಾಯ. ಟಿವೀಲಿ ಬಂತು. ಧಾರಾವಾಹಿ ನೋಡ್ತಾ ಇದ್ದೆ, ನಡುವಲ್ಲಿ ಬಂದು ಹೋಯ್ತು. ಆಮೇಲೆ ಮತ್ತೆ ಕೆಳಗೆ ಬಂತು. ದುಡ್ಡು ಕಟ್ಟೋದು ಏನಾದ್ರೂ ಬಾಕಿ ಇದ್ಯೇನೋ ಅಂತ ಬರೆದಿಟ್ಟೆ."

ಕೇಬಲ್ ಹುಡುಗನನ್ನು ಕೇಳಿದ್ದಕ್ಕೆ "ಅದು ಹಂಗೇ ಬರ್ತದೆ ಅಮ್ಮಾ, ಬಿಡಿ" ಅಂದನಂತೆ. ಅಮ್ಮ ಬಿಟ್ಟಿರಲಿಲ್ಲ. ಎರಡು ವಾರ ಆ ನಂಬರು ಅವರ ತಲೆಯಲ್ಲಿತ್ತು.

ಅದು ಏನು ಅಂತ ಇಲ್ಲಿಯೂ ಹೇಳುತ್ತೇನೆ, ಏಕೆಂದರೆ ಇದನ್ನು ಕೆಟ್ಟ ಸಿಗ್ನಲ್ ಅಂದುಕೊಂಡವರು, ಯಾರೋ ನಮ್ಮ ಮನೆ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಹೆದರಿದವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಅದು ನಮ್ಮದೇ ಸೆಟ್ ಟಾಪ್ ಬಾಕ್ಸಿನ, ಅಥವಾ ಅದರೊಳಗಿನ ಕಾರ್ಡಿನ ನಂಬರು. ಆ ವ್ಯವಸ್ಥೆಗೆ ಫಿಂಗರ್‌ಪ್ರಿಂಟಿಂಗ್ ಎನ್ನುತ್ತಾರೆ, ಅಂದರೆ ಬೆರಳಚ್ಚು. ಯಾರಾದರೂ ಕ್ರಿಕೆಟ್ ಮ್ಯಾಚನ್ನೋ ಹೊಸ ಸಿನಿಮಾವನ್ನೋ ತಮ್ಮ ಟಿವಿಯಿಂದ ಹಿಡಿದು ಇಂಟರ್‌ನೆಟ್ಟಿಗೆ ಹರಿಯಬಿಟ್ಟರೆ, ಆ ಕದ್ದ ಚಿತ್ರದ ಮೇಲೂ ಈ ನಂಬರು ಮೂಡಿರುತ್ತದೆ. ಯಾವ ಬಾಕ್ಸಿನಿಂದ ಸೋರಿತು ಅಂತ ಅದರಿಂದ ಪತ್ತೆ ಮಾಡುತ್ತಾರೆ. ಜಾಗ ಬದಲಿಸುತ್ತಾ ಬರುವುದೂ ಅದಕ್ಕೇ. ಒಂದೇ ಮೂಲೆಯಲ್ಲಿ ಬಂದರೆ ಕಳ್ಳ ಆ ಮೂಲೆಯನ್ನು ಕತ್ತರಿಸಿ ಹಾಕಿಯಾನು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ತಂದ ನಿಯಮಗಳಲ್ಲಿ ಇದಕ್ಕೊಂದು ಪಟ್ಟಿಯೇ ಇದೆ. ಬೆರಳಚ್ಚು ಪರದೆಯ ಎಲ್ಲ ಪದರಗಳಿಗಿಂತ ಮೇಲೆ ಬರಬೇಕು. ರಿಮೋಟಿನ ಯಾವ ಗುಂಡಿ ಒತ್ತಿದರೂ ಅಳಿಯಕೂಡದು. ಎಲ್ಲಿ ಮೂಡಬೇಕು ಅನ್ನುವುದನ್ನು ಪ್ರಸಾರ ಮಾಡುವ ಕಡೆಯಿಂದಲೇ ಬದಲಾಯಿಸುವಂತಿರಬೇಕು. ಕಣ್ಣಿಗೆ ಕಾಣುವುದರ ಜೊತೆಗೆ ಕಾಣದಂಥ ಇನ್ನೊಂದನ್ನೂ ಹಾಕುವ ಅನುಕೂಲ ಇರಬೇಕು. ಬೆಂಗಳೂರು, ಮೈಸೂರುಗಳಲ್ಲಿ 2013ರ ಮಾರ್ಚ್ ಕೊನೆಗೆ ಬಾಕ್ಸ್ ಕಡ್ಡಾಯವಾಯಿತು. ನಮ್ಮೂರಿನಂಥ ಊರುಗಳಿಗೆ ಅದು ತಲುಪಿದ್ದು ಇನ್ನೂ ನಾಲ್ಕು ವರ್ಷ ಬಿಟ್ಟು. ಆ ಬಾಕ್ಸಿನ ಜೊತೆಯಲ್ಲೇ ಈ ನಂಬರೂ ಮನೆಯೊಳಗೆ ಬಂತು. ಇದರ ಅರ್ಥ ಇಷ್ಟು ಅಂತ ಹೇಳುವವರು ಯಾರೂ ಬರಲಿಲ್ಲ.

ಇದನ್ನೆಲ್ಲ ವಿವರಿಸಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರೆ ಅದು ನನಗೆ ಹೇಳಿದ್ದಲ್ಲ ಹಂಗಾದ್ರೆ?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವತ್ತಿನಿಂದ ಟಿವಿ ಪರದೆಯ ಮೇಲೆ ಏನೇ ಗುರುತು ಕಂಡರೂ, ಇದು ಯಾರಿಗೆ ಹೇಳುತ್ತಿರುವುದು ಅಂತ ನೋಡತೊಡಗಿದ್ದೇನೆ. ನೋಡಿದಷ್ಟೂ ಸಂಕಟವಾಗುತ್ತದೆ. ವಾಹಿನಿಗೆ, ಕಂಪನಿಗೆ, ಜಾಹೀರಾತಿನವರಿಗೆ ಬೇಕಾದ ಗುರುತುಗಳು ದೊಡ್ಡದಾಗಿ, ಬಣ್ಣಬಣ್ಣವಾಗಿ, ಬಿಡದೆ ಇರುತ್ತವೆ. ನೋಡುವವರಿಗೆ ಬೇಕಾದವು ಸಾಸಿವೆ ಕಾಳಿನಷ್ಟು. ಬಂದದ್ದು ಹೋದದ್ದು ಗೊತ್ತಾಗುವುದಿಲ್ಲ.

ಮೇಲಿನ ಮೂಲೆಯ ಲೋಗೋ ಬಗ್ಗೆ ನನ್ನ ತಕರಾರಿಲ್ಲ. ಯಾವ ವಾಹಿನಿ ಅಂತ ಗೊತ್ತಾಗಬೇಕಲ್ಲ. ನನ್ನ ವಯಸ್ಸಿನವರಿಗೆ ದೂರದರ್ಶನದ ಆ ಕಣ್ಣಿನಾಕಾರದ ಗುರುತು ತಿರುಗುತ್ತಾ ಬಂದು ನಿಲ್ಲುವುದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದ ದೇವಾಶಿಸ್ ಭಟ್ಟಾಚಾರ್ಯ ಬರೆದದ್ದು ಅದು. ಜೊತೆಗೆ ಪಂಡಿತ್ ರವಿಶಂಕರರ ರಾಗ. 1976ರ ಏಪ್ರಿಲ್ 1ರಂದು ಮೊದಲ ಸಲ ಪರದೆಗೆ ಬಂತು. ನಡುವೆ ಪ್ರಸಾರ ನಿಂತರೆ "ಅಡಚಣೆಗಾಗಿ ವಿಷಾದಿಸುತ್ತೇವೆ" ಅಂತ ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಅದು ನಮಗೇ ಹೇಳಿದ ಮಾತು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಈಗ ಪರದೆಯ ಕೆಳಭಾಗ ನೋಡಿ. ಧಾರಾವಾಹಿಯಲ್ಲಿ ಸೊಸೆ ಅಳುತ್ತಿರುವಾಗಲೇ ಚಿತ್ರ ಒಂದು ಪಕ್ಕಕ್ಕೆ ಕುಗ್ಗಿ, ಎಡಕ್ಕೂ ಕೆಳಕ್ಕೂ ಸೋಪಿನ ಜಾಹೀರಾತು ಬಂದು ಕೂರುತ್ತದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳ 7ನೇ ನಿಯಮದಲ್ಲಿ ಇದರ ಬಗ್ಗೆ ನೇರವಾಗಿಯೇ ಇದೆ: ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ಗುರುತು ಸಿಗಬೇಕು, ಪರದೆಯ ಕೆಳಭಾಗದಲ್ಲಿ ನಿಂತ ಬರಹವಾಗಲಿ ಹರಿಯುವ ಬರಹವಾಗಲಿ ಹಾಕಿ ಕಾರ್ಯಕ್ರಮಕ್ಕೆ ಅಡ್ಡ ಬರಬಾರದು. ಹಳೆಯ ನಿಯಮ. ಇವತ್ತು ಸಂಜೆ ಯಾವ ವಾಹಿನಿ ಬೇಕಾದರೂ ಹಾಕಿ ನೀವೇ ನೋಡಿ.

ವಯಸ್ಸಿನ ಗುರುತಿನ ಕಥೆ ಇನ್ನೊಂದು. ಇಂಟರ್‌ನೆಟ್ಟಿನಲ್ಲಿ ಸಿನಿಮಾ, ಸರಣಿ ತೋರಿಸುವ ಓಟಿಟಿಗಳಿಗೆ 2021ರಲ್ಲಿ ಬಂದ ನಿಯಮದ ಪ್ರಕಾರ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ಐದು ದರ್ಜೆ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ಮೇಲೆ ಸಿನಿಮಾಗಳ ಯುಎ ಕೂಡ ಇದೇ ಮೂರು ವಯಸ್ಸಿಗೆ ಒಡೆಯಿತು. ಯು/ಎ 13+ ಅಂದರೆ ಹದಿಮೂರರ ಒಳಗಿನ ಮಕ್ಕಳು ನೋಡಲೇಬಾರದು ಅಂತಲ್ಲ, ದೊಡ್ಡವರು ಜೊತೆಗಿದ್ದು ತಿಳಿಹೇಳಬೇಕು ಅಂತ. ಒಳ್ಳೆಯ ಏರ್ಪಾಡು. ಆದರೆ ಮೊಮ್ಮಗಳ ಜೊತೆ ಕೂತು ನೋಡುವ ನನ್ನ ಅಮ್ಮ ಆ '13+' ಅನ್ನು ಹದಿಮೂರನೇ ಕಂತು ಅಂದುಕೊಂಡಿದ್ದರು! ಜೊತೆಯಲ್ಲಿ ಹಿಂಸೆ ಇದೆ, ಕೆಟ್ಟ ಮಾತು ಇದೆ ಅಂತ ಬರುವ ಸಾಲು ನಾನು ನೋಡಿದ ಕನ್ನಡ ಸಿನಿಮಾಗಳಲ್ಲೂ ಬಹುಪಾಲು ಇಂಗ್ಲಿಷಿನಲ್ಲೇ ಇತ್ತು. ಸಿನಿಮಾ ಕನ್ನಡದ್ದು, ನೋಡುವವರು ಕನ್ನಡದವರು, ಎಚ್ಚರಿಕೆ ಮಾತ್ರ ಯಾರಿಗೆ?

ಇಷ್ಟೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಿಜವಾಗಿ ನನ್ನನ್ನು ಕಾಡುತ್ತಿರುವುದು 2019ರ ಆಗಸ್ಟಿನ ಒಂದು ರಾತ್ರಿ.

ನನ್ನ ಚಿಕ್ಕಮ್ಮನ ಮನೆ ಮಡಿಕೇರಿ ಹತ್ತಿರ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಅವರು ಹೇಗೋ ಪಾರಾಗಿದ್ದರು. ಮರುವರ್ಷ ಮತ್ತೆ ಅದೇ ಮಳೆ. ಅಮ್ಮ ಒಂದು ಸುದ್ದಿ ವಾಹಿನಿ ಹಾಕಿಕೊಂಡು ಕೂತಿದ್ದರು. ಪರದೆಯಲ್ಲಿ ಇಳಿಜಾರಿನ ಮೇಲಿದ್ದ ಎರಡಂತಸ್ತಿನ ಮನೆಯೊಂದು ಬುಡಸಮೇತ ಜಾರಿ ಕೆಳಗುರುಳುವ ದೃಶ್ಯ. ಒಮ್ಮೆ ತೋರಿಸಿ ಬಿಡಲಿಲ್ಲ, ಮತ್ತೆ ಮತ್ತೆ. ಕೆಂಪು ಪಟ್ಟಿಯಲ್ಲಿ ಬ್ರೇಕಿಂಗ್, ಹಿಂದೆ ಎದೆ ಬಡಿಯುವಂಥ ಸಂಗೀತ. ಅಮ್ಮ ಚಿಕ್ಕಮ್ಮನಿಗೆ ಫೋನ್ ಹಚ್ಚಿದರೆ ಹೋಗುತ್ತಿಲ್ಲ. ಟವರ್ ಬಿದ್ದಿತ್ತೋ ಕರೆಂಟ್ ಇರಲಿಲ್ಲವೋ. ನನಗೆ ಬೆಂಗಳೂರಿಗೆ ಫೋನ್ ಮಾಡಿದಾಗ ಅವರಿಗೆ ಮಾತು ಹೊರಡುತ್ತಿರಲಿಲ್ಲ. "ಮನೆ ಹೋಯ್ತು ಮಗಾ, ಮನೆ ಹೋಯ್ತು" ಅಂತ ಅಷ್ಟೇ.

ನಾನೂ ಅದೇ ವಾಹಿನಿ ಹಾಕಿದೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ಹಿಂದಿನ ವರ್ಷದ ದೃಶ್ಯ, 2018ರಲ್ಲಿ ನಾವೆಲ್ಲ ಮೊಬೈಲಿನಲ್ಲಿ ನೂರು ಸಲ ನೋಡಿದ್ದು. ಪರದೆಯ ಬಲಮೂಲೆಗೆ ಮುಖ ತಾಗಿಸಿ ನೋಡಿದರೆ, ಬೂದು ಬಣ್ಣದಲ್ಲಿ, ಲೋಗೋದ ನೆರಳಿನಲ್ಲಿ 'ಸಂಗ್ರಹ ಚಿತ್ರ' ಅಂತ ಇತ್ತು. ಹಾಕಿರಲಿಲ್ಲ ಅಂತ ಅವರನ್ನು ದೂರುವಂತೆಯೂ ಇಲ್ಲ. ಹಾಕಿದ್ದರು. ಅರುವತ್ತೆಂಟರ ಹೆಂಗಸು, ಪೊರೆ ಬಂದ ಕಣ್ಣು, ಆರಡಿ ದೂರದ ಕುರ್ಚಿ. ಅವರಿಗೆ ಕಾಣುವಂತೆ ಹಾಕಿರಲಿಲ್ಲ.

ಆ ವರ್ಷವೂ ಕೊಡಗಿನಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದರು, ಆದ್ದರಿಂದ ಸುದ್ದಿ ಸುಳ್ಳಲ್ಲ. ಆದರೆ ಆ ಮನೆ ಆ ರಾತ್ರಿ ಬಿದ್ದದ್ದಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಮ್ಮ ತಾವೇ ಫೋನ್ ಮಾಡಿದರು, ಎಲ್ಲ ಸರಿಯಿದ್ದೇವೆ ಅಂತ. ಅಷ್ಟು ಹೊತ್ತು ಅಮ್ಮ ದೇವರ ಮುಂದೆ ದೀಪ ಹಚ್ಚಿಕೊಂಡು ಕೂತಿದ್ದರು. ಬಿಪಿ ಮಾತ್ರೆ ತೆಗೆದುಕೊಳ್ಳುವುದನ್ನೂ ಮರೆತಿದ್ದರು.

2024ರ ಆಗಸ್ಟಿನಲ್ಲಿ, ವಯನಾಡಿನ ಭೂಕುಸಿತದ ನಂತರ, ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ವಾಹಿನಿಗಳಿಗೆ ಒಂದು ಸಲಹೆ ಕಳಿಸಿತು. ಪ್ರಕೃತಿ ವಿಕೋಪದ, ದೊಡ್ಡ ಅಪಘಾತಗಳ ದೃಶ್ಯ ತೋರಿಸುವಾಗ ಮೇಲ್ಭಾಗದಲ್ಲಿ ದಿನಾಂಕ, ಸಮಯ ಎದ್ದು ಕಾಣುವಂತೆ ಹಾಕಿ ಅಂತ. ಓದಿದಾಗ ಕಣ್ಣಲ್ಲಿ ನೀರು ಬಂತು. ಐದು ವರ್ಷ ಮೊದಲೇ ಬರಬೇಕಿತ್ತು. ಅದು ಸಲಹೆ ಅನ್ನುವುದು ನನ್ನ ಬೇಸರ. ಟ್ರಾಯ್‌ನ ಬೆರಳಚ್ಚು ನಿಯಮ ಎಷ್ಟು ಗಟ್ಟಿಯಾಗಿದೆ ನೋಡಿ: ಎಲ್ಲದರ ಮೇಲೆ, ಯಾವ ಗುಂಡಿಗೂ ಅಳಿಯದಂತೆ. ಒಂದು ಮ್ಯಾಚಿನ ಹಕ್ಕು ಕಾಯುವುದಕ್ಕೆ ಇರುವ ಆ ಬಿಗಿ, ಒಬ್ಬ ತಾಯಿಯ ಎದೆ ಕಾಯುವುದಕ್ಕೂ ಬೇಡವೇ?

ಆಗುವುದಿಲ್ಲ ಅನ್ನುವವರು ತಂಬಾಕಿನ ಎಚ್ಚರಿಕೆ ನೋಡಲಿ. ಸಿನಿಮಾ, ಟಿವಿಗಳಿಗೆ 2012ರಿಂದಲೇ ಅದು ಕಡ್ಡಾಯ. 2023ರ ಸೆಪ್ಟೆಂಬರ್ 1ರಿಂದ ಓಟಿಟಿಗಳಿಗೂ ಬಂತು. ಪಾತ್ರ ಸಿಗರೇಟು ಹಚ್ಚಿದ ಕೂಡಲೇ ಕೆಳಗೆ ಬರಹ ಬರಬೇಕು. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಇರಬೇಕು, ಸಲೀಸಾಗಿ ಓದುವಂತಿರಬೇಕು, ಕಾರ್ಯಕ್ರಮ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಇರಬೇಕು. ಇಷ್ಟನ್ನೂ ನಿಯಮದಲ್ಲೇ ಬರೆದಿದ್ದಾರೆ. ಕಥೆಯ ಓಟ ಕೆಡುತ್ತದೆ ಅಂತ ಅದರ ಮೇಲೆ ಸಿಟ್ಟಾದವರಿದ್ದಾರೆ. ನಾನು ಆ ಪಕ್ಷವಲ್ಲ. ಪರದೆಯ ಮೇಲಿನ ಬರಹಗಳಲ್ಲಿ ನನ್ನ ಅಮ್ಮ ಕುರ್ಚಿಯಲ್ಲಿ ಕೂತೇ ಪೂರ್ತಿ ಓದಿ ಅರ್ಥ ಮಾಡಿಕೊಳ್ಳುವುದು ಅದೊಂದೇ.

ಓದು ಬಾರದವರಿಗೂ ದಾರಿ ಇದೆ. ನೆದರ್ಲೆಂಡ್ಸಿನಲ್ಲಿ 2001ರಿಂದ ಅಕ್ಷರದ ಬದಲು ಚಿತ್ರ ತೋರಿಸುತ್ತಾರೆ. ಹೆದರಿಸುವ ದೃಶ್ಯಗಳಿದ್ದರೆ ಒಂದು ಜೇಡ, ಹೊಡೆದಾಟ ಇದ್ದರೆ ಬಿಗಿದ ಮುಷ್ಟಿ. ಅಷ್ಟು ದೂರ ಹೋಗುವುದೂ ಬೇಡ. ಬಿಸ್ಕತ್ ಪೊಟ್ಟಣದ ಮೇಲಿನ ಚೌಕದೊಳಗಿನ ಹಸಿರು ಚುಕ್ಕಿ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಮತಪತ್ರದ ಮೇಲೆ ಚಿಹ್ನೆ ನೋಡಿ ಸರ್ಕಾರವನ್ನೇ ಬದಲಿಸಿದ ಜನ ನಾವು. ಹಳೆಯ ದೃಶ್ಯಕ್ಕೆ ಒಂದು ಗುರುತು, ನಟರಿಂದ ಮಾಡಿಸಿದ ಮರುಸೃಷ್ಟಿಗೆ ಒಂದು, ಈಗ ಕಂಪ್ಯೂಟರಿನಲ್ಲೇ ಹುಟ್ಟಿಸುವ ಚಿತ್ರಗಳಿಗೆ ಮತ್ತೊಂದು. ಎಲ್ಲ ವಾಹಿನಿಯಲ್ಲೂ ಒಂದೇ ಜಾಗ, ಒಂದೇ ಬಣ್ಣ, ದೃಶ್ಯ ಮುಗಿಯುವವರೆಗೆ ಪರದೆಯ ಮೇಲೆ. ಹೆಚ್ಚೆಂದರೆ ಒಂದು ತಿಂಗಳಲ್ಲಿ ಅಜ್ಜಿಯಂದಿರೂ ಕಲಿತುಬಿಡುತ್ತಾರೆ.

ಇದನ್ನು ಓದುವವರಲ್ಲಿ ವಾಹಿನಿಗಳಲ್ಲಿ ಕೆಲಸ ಮಾಡುವ ಗೆಳೆಯರೂ ಇದ್ದೀರಿ. ಗ್ರಾಫಿಕ್ಸ್ ಕೋಣೆಯ ಒತ್ತಡ ನನಗೆ ಗೊತ್ತು. ನಾಳೆ ಹಳೆಯ ಮಳೆಯ ದೃಶ್ಯ ಹಾಕುವಾಗ ಆ 'ಸಂಗ್ರಹ ಚಿತ್ರ'ವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ, ಪಕ್ಕದಲ್ಲಿ ಇಸವಿ ಹಾಕಿ. ಅದಕ್ಕೆ ಯಾವ ನಿಯಮಕ್ಕೂ ಕಾಯಬೇಕಿಲ್ಲ.

ಈಗ ಅಮ್ಮ ಸುದ್ದಿಯಲ್ಲಿ ಗುಡ್ಡ ಜರಿಯುವುದು, ನೀರು ನುಗ್ಗುವುದು ಕಂಡರೆ ಮೊದಲು ಕನ್ನಡಕ ಹುಡುಕುತ್ತಾರೆ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ಟಿವಿಯ ಹತ್ತಿರಕ್ಕೆ ಹೋಗಿ, ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ನೋಡುತ್ತಾರೆ.