ಬಕೆಟ್ ಎಲ್ಲಿಡೋದು?

ಮನೆ ಕಟ್ಟುವವರು ಹಾಲ್ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬಚ್ಚಲಿಗೆ ಮಾತ್ರ ಎಲ್ಲ ಕಳೆದು ಮಿಕ್ಕಿದ ಜಾಗ. ನಮ್ಮ 30-40 ಸೈಟಿನಲ್ಲಿ ಮಿಕ್ಕಿದ್ದು 4 ಅಡಿ ಅಗಲ, 7 ಅಡಿ ಉದ್ದ. ಅಜ್ಜಿಮನೆಯ ಬಚ್ಚಲಲ್ಲಿ ಹಂಡೆ, ಒಲೆ, ಸೌದೆ ಎಲ್ಲ ಇದ್ದೂ ಮಕ್ಕಳನ್ನು ಸಾಲಾಗಿ ಕೂರಿಸಿ ಎಣ್ಣೆ ತಿಕ್ಕಲು ಜಾಗವಿತ್ತು. ಇರಲಿ.

ಪ್ಲ್ಯಾನ್ ಬರೆದ ಹುಡುಗ ತ್ರೀಡಿ ತೋರಿಸಿದ. ಗಾಜಿನ ಪಾರ್ಟಿಷನ್, ಮೂಲೆಯಲ್ಲೊಂದು ಗಿಡ, ಸುರುಳಿ ಸುತ್ತಿಟ್ಟ ಬಿಳಿ ಟವೆಲ್. ಅಮ್ಮ ಕನ್ನಡಕ ಏರಿಸಿ ನೋಡಿದರು.

"ಬಕೆಟ್ ಎಲ್ಲಿಡೋದಪ್ಪಾ?"

"ಶವರ್ ಇದೆಯಲ್ಲಾ ಆಂಟಿ."

"ಬಟ್ಟೆ ನೆನೆಹಾಕೋದೂ ಶವರಲ್ಲೇನಾ?"

ಗಾಜು ಹೋಯಿತು, ಗಿಡವೂ ಹೋಯಿತು. ನಲ್ಲಿ ಬಂತು. ಆದರೆ ಪ್ಲಂಬರ್ ನಲ್ಲಿಯ ಎತ್ತರ ಅಳೆದದ್ದು ಹಸಿ ನೆಲದಿಂದ. ಆಮೇಲೆ ಫಿಲ್ಲಿಂಗ್, ಅದರ ಮೇಲೆ ಸಿಮೆಂಟು, ಅದರ ಮೇಲೆ ಟೈಲ್ಸ್ ಬಂದು ನೆಲ ಎದ್ದು ನಿಂತಿತು. ನಲ್ಲಿ ಇದ್ದಲ್ಲೇ ಇತ್ತು. ಈಗ 20 ಲೀಟರ್ ಬಕೆಟ್ ಅದರ ಕೆಳಗೆ ನೆಟ್ಟಗೆ ಕೂರುವುದಿಲ್ಲ. ಓರೆ ಮಾಡಿ ಹಿಡಿದರೆ ಅರ್ಧ ತುಂಬುತ್ತದೆ, ಉಳಿದರ್ಧಕ್ಕೆ ಮಗ್ಗು. ಮುಗಿದ ನೆಲದಿಂದ ಎರಡಡಿ ಎತ್ತರ ಅಂತ ಗೋಡೆಯ ಮೇಲೇ ಬರೆಸಿ. ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ.

ಟೈಲ್ಸ್ ಒಣಗಿದ ಮೇಲೆ ಒಂದು ಚೊಂಬು ನೀರು ಸುರಿದೆ. 7 ಅಡಿಗೆ ಒಂದು ಇಂಚು ಇಳಿಜಾರು ಕೊಟ್ಟರೂ ನೀರು ತಾನಾಗಿ ಹರಿಯುತ್ತದೆ. ನಮ್ಮ ನೀರು ಒಂದು ಗಳಿಗೆ ಯೋಚನೆ ಮಾಡಿತು. ಆಮೇಲೆ ಜಾಲಿಗೆ ಬೆನ್ನು ತಿರುಗಿಸಿ ನೇರ ಬಾಗಿಲ ಕಡೆಗೆ ಹೊರಟಿತು.

"ಬಳಸ್ತಾ ಬಳಸ್ತಾ ಸರಿಹೋಗುತ್ತೆ ಸಾರ್" ಎಂದರು ಮೇಸ್ತ್ರಿ.

ನೀರಿಗೂ ಅಭ್ಯಾಸ ಮಾಡಿಸಬಹುದು ಅಂತ ನನಗೆ ಗೊತ್ತಿರಲಿಲ್ಲ. ಈಗ ಸ್ನಾನ ಮುಗಿಸಿದವರು ವೈಪರ್ ಹಿಡಿದು ಅದನ್ನು ಜಾಲಿಯವರೆಗೆ ಬಿಟ್ಟು ಬರುತ್ತಾರೆ.

ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಹೋದವರು ಕಮೋಡಿನ ಪಕ್ಕ ಸರಿದು, ಹೊಟ್ಟೆ ಎಳೆದುಕೊಂಡರೆ ಮಾತ್ರ ಚಿಲಕ ಬೀಳುತ್ತದೆ. ಕಮೋಡಿನ ನಡುವಿನಿಂದ ಪಕ್ಕದ ಗೋಡೆಗೆ 15 ಇಂಚಾದರೂ ಬೇಕು. ನಮ್ಮಲ್ಲಿ ಅಷ್ಟಿಲ್ಲ. ದಪ್ಪಗಿರುವ ಚಿಕ್ಕಪ್ಪ ಬಂದರೆ ಓರೆಯಾಗಿಯೇ ಕೂರುತ್ತಾರಂತೆ. "ಕಿಟಕಿಯ ಗಾಳಿ ಚೆನ್ನಾಗಿ ಬರುತ್ತೆ ಕಣೋ" ಅಂತ ನನಗೇ ಸಮಾಧಾನ ಹೇಳಿದರು. ತಮಾಷೆ ಬಿಡಿ, ವಯಸ್ಸಾದವರು ಒಳಗೆ ಜಾರಿ ಬಾಗಿಲಿಗೆ ಅಡ್ಡ ಬಿದ್ದರೆ ಹೊರಗಿನಿಂದ ತಳ್ಳಿದರೂ ತೆರೆಯಲ್ಲ. ಬಡಗಿಗೆ ಹೇಳಿದ್ದೇವೆ, ಬಾಗಿಲನ್ನು ಹೊರಕ್ಕೆ ತಿರುಗಿಸಲು. "ನಾಳೆ ಬರ್ತೀನಿ" ಅಂದಿದ್ದಾನೆ. ಯಾವ ನಾಳೆ ಅಂತ ಹೇಳಿಲ್ಲ.

ಇನ್ನು ಲೈಟಿನ ಸ್ವಿಚ್. ಒದ್ದೆ ಕೈ ತಾಗಬಾರದು ಅಂತ ಹೊರಗಿಟ್ಟಿದ್ದಾರೆ, ಸರಿಯೇ. ಆದರೆ ಅಪ್ಪನಿಗೆ ಮನೆಯಲ್ಲಿ ಉರಿಯುವ ಲೈಟೆಲ್ಲ ಸುಮ್ನೆ ಉರಿಯುತ್ತಿರುವಂತೆಯೇ ಕಾಣುತ್ತದೆ. ಮುಖಕ್ಕೆ ಸೋಪು ಹಚ್ಚಿ ಮಗ್ಗಿಗೆ ತಡಕಾಡುವ ಹೊತ್ತಿಗೇ ಟಕ್ ಅನ್ನುತ್ತದೆ.

"ಅಪ್ಪಾ, ಲೈಟು!"

"ಒಳಗಿದ್ದೀನಿ ಅಂತ ಮೊದಲೇ ಹೇಳೋದಲ್ವಾ?"